ಹಿಂದಕ್ಕ ಹೋಗೋ ಟ್ರಾಲಿ

ನಾ ಒಬ್ಬಾಕೀನೇ ಮಾತಾಡ್ತೀನಿ. ಇದನ್ನ ಮೊದಲಿಗೇ ಹೇಳಿಬಿಡ್ತೀನಿ, ಯಾಕಂದ್ರ ನಮ್ಮತ್ತಿ ಅಂಬುಬಾಯಿ ಕಡಿಂದ ಕೇಳಿದ್ರ ನಿಮಗ ಬ್ಯಾರೇನೇ ತಿಳೀತದ. ಆಕಿ ಪ್ರಕಾರ ನನಗ ಗಾಳಿ ಹಿಡದದ. ಎರಡು ಸಲ ತಾಯತ ಕಟ್ಟಿಸ್ಯಾಳ. ಮೊದಲನೇದು ಹಾಲು ಹಿಂಡೋವಾಗ ಹರಿದು ಬಕೀಟಿನಾಗ ಬಿತ್ತು. ಎರಡನೇದು ಇನ್ನೂ ಕೊಳ್ಳಾಗ ಅದ, ಮಾತು ಮಾತ್ರ ನಿಂತಿಲ್ಲ.

ಏನು ಮಾಡ್ಲಿ, ನನ್ನ ತಲಿ ಇರೋದೇ ಹಂಗ. ಯಾವುದೇ ವಿಷಯ ಇರ್ಲಿ, ಅದು ಯಾಕ ಹಂಗ ಅಂತ ನನಗ ನಾನೇ ಬಾಯಿಬಿಟ್ಟು ಹೇಳಿಕೊಂಡ ಹೊರತು ಒಳಗ ಕುಂದ್ರಂಗಿಲ್ಲ. ಸಾಲ್ಯಾಗ ಒಂಬತ್ತರ ಮಗ್ಗಿ ಬಾಯಿಪಾಠ ಮಾಡು ಅಂದಾಗ ನಾ ಎದ್ದು ನಿಂತು, "ಹದಿನೆಂಟು, ಇಪ್ಪತ್ತೇಳು, ಮೂವತ್ತಾರು, ಯಾವುದರ ಅಂಕಿ ಕೂಡಿಸಿದ್ರೂ ಒಂಬತ್ತೇ ಬರ್ತದಲ್ರೀ, ಯಾಕ್ರೀ?" ಅಂತ ಕೇಳಿದ್ದೆ. ಮಾಸ್ತರ್ರಿಗೂ ಗೊತ್ತಿರಲಿಲ್ಲ ಅಂತ ಕಾಣ್ತದ, ಬೆತ್ತ ತಗೊಂಡ್ರು. ಅವತ್ತಿಂದ ಬ್ಯಾರೆಯವರನ್ನ ಕೇಳೋದು ಬಿಟ್ಟು ನನ್ನನ್ನೇ ಕೇಳ್ಕೊಳ್ಳಲಿಕ್ಕೆ ಸುರು ಮಾಡಿದೆ.

ನನ್ನ ಹೆಸರು ಜಗದೇವಿ. ತೆಂಗಳಿ ಬಲ್ಲಿ ಸಣ್ಣ ಊರು ನಮ್ಮದು. ನಮ್ಮ ಮನೆಯವರು ದೇವಾನಂದ, ಕೋಡ್ಲಾ ಸಿಮೆಂಟ್ ಕಾರ್ಖಾನ್ಯಾಗ ಚೀಲ ತುಂಬೋ ಕಡಿ ಕೆಲಸಕ್ಕಿದ್ದಾರ. ಭಾಳ ಛಲೋ ಮನಷ್ಯಾ, ಮಾತು ಕಮ್ಮಿ. ನಾನೇ ಎರಡೂ ಪಾಲು ಮಾತಾಡ್ತೀನಲ್ಲ, ಅವರಿಗೆ ಪಾಳಿ ಸಿಗಬೇಕಲ್ಲ.

ಈಗ ಟ್ರ್ಯಾಕ್ಟರಿನ ವಿಷಯಕ್ಕ ಬರ್ತೀನಿ. ನಮ್ಮ ಪಂಚಾಯಿತಿದು ಒಂದು ಟ್ರ್ಯಾಕ್ಟರ್ ಅದ, ಹಿಂದ ಎರಡು ಗಾಲಿ ಟ್ರಾಲಿ. ಮುಂಜಾನೆ ಊರ ಕಸ ಒಯ್ತದ, ಬ್ಯಾಸಗ್ಯಾಗ ಟ್ರಾಲಿ ಮ್ಯಾಲ ಟಾಕಿ ಇಟ್ಟು ನೀರು ತರ್ತದ. ಅದನ್ನ ಹೊಡೀತಿದ್ದ ದಶರಥ ಕಾಕಾ, ವಯಸ್ಸಾತು, ಸಾಕು ಅಂದ. ನಮ್ಮ ಮಹಿಳಾ ಸಂಘದ ಮೀಟಿಂಗಿನಾಗ ಪಂಚಾಯಿತಿ ಸೆಕ್ರೆಟರಿ ಬಂದು ಹೇಳಿದ್ರು, "ನಿಮ್ಮ ಸಂಘದವರು ಓಡಿಸ್ತೀವಿ ಅಂದ್ರ ನಿಮಗೇ ಕೊಡ್ತೀವಿ. ಆದ್ರ ಇಬ್ಬರು ಬೇಕು. ಒಬ್ಬಾಕಿಗಿ ಜ್ವರ ಬಂತಂದ್ರ ಊರ ಕಸ ನಿಲ್ಲಬಾರದು. ಇಬ್ಬರಿಗೂ ಲೈಸೆನ್ಸ್ ಆಗಬೇಕು. ಒಬ್ಬಾಕೀದೇ ಆದ್ರ ನಡೆಯಂಗಿಲ್ಲ, ಗುತ್ತಿಗಿ ಕೊಟ್ಟುಬಿಡ್ತೀವಿ."

ನನ್ನ ಕೈ ಎಲ್ಲರಕಿಂತ ಮೊದಲು ಮ್ಯಾಲ ಹೋತು. ಯಾಕಂತ ಕೇಳ್ರಿ. ತವರುಮನ್ಯಾಗ ನಾ ಹತ್ತು ವರ್ಷದಾಕಿ ಇದ್ದಾಗಿಂದ ಬಂಡಿ ಹೊಡದೀನಿ. ಮೂಗುದಾಣ ಕೈಯಾಗ ಹಿಡಿದು, ಮುಂದಿನ ದಾರಿ ನೋಡ್ಕೋತ, ಎತ್ತಿನ ಜೊತಿ ಮಾತಾಡ್ಕೋತ. ಲಗ್ನ ಆದ ಮ್ಯಾಲ ಇಪ್ಪತ್ತೆರಡು ವರ್ಷ ಮೋಟರ್‌ಸೈಕಲ್ ಹಿಂದಿನ ಸೀಟಿನಾಗ ಒಂದು ಕಡಿ ಕಾಲು ಇಳಿಬಿಟ್ಟು ಕುಂತು ಕುಂತು, ಗಂಡನ ಬೆನ್ನು ಬಿಟ್ಟು ಬ್ಯಾರೆ ಏನೂ ನೋಡಿಲ್ಲ. ಬೆನ್ನು ಛಲೋನೇ ಅದ, ತಕರಾರಿಲ್ಲ. ಆದ್ರ ನನಗ ಆ ಟ್ರ್ಯಾಕ್ಟರಿನ ಎತ್ತರದ ಸೀಟು ಬೇಕಾಗಿತ್ತು. ಜೀವ ಹೋಗೋವಷ್ಟು ಬೇಕಾಗಿತ್ತು.

ಎರಡನೇ ಕೈ ಬಿಬಿಜಾನಂದು. ಬಿಬಿಜಾನ್ ನಮ್ಮ ಓಣ್ಯಾಕೀನೇ. ಗಂಡ ಗುಲಾಮ್ ರಸೂಲ್ ಚಿತ್ತಾಪುರದಾಗ ವೆಲ್ಡಿಂಗ್ ಮಾಡ್ತಾನ, ಈಕಿ ತಳ್ಳುಗಾಡಿ ಮ್ಯಾಲ ಬಳಿ ಇಟ್ಕೊಂಡು ಊರೂರು ತಿರುಗಿ ಮಾರ್ತಾಳ. ನನಗಿಂತ ಆರು ವರ್ಷ ಸಣ್ಣಾಕಿ, ಹೇಳಿದ್ದು ಹೇಳಿದಂಗ ಮಾಡೋ ಶಾಣ್ಯಾ ಹುಡುಗಿ. ಎದುರು ಮಾತಾಡೋದು ಗೊತ್ತೇ ಇಲ್ಲ. ಅದಕ್ಕ ನಮ್ಮಿಬ್ಬರಿಗೂ ಛಲೋ ಹೊಂದ್ತದ.

ಸೇಡಂದಾಗ ತರಬೇತಿ. ಕಲಿಸೋ ಮಾಸ್ತರ್ ಕಾಶೀನಾಥ ಅಂತ, ಮೀಸಿ ದೊಡ್ಡದು, ತಾಳ್ಮಿ ಸಣ್ಣದು. ಊರ ಹೊರಗ, ನೆಲಕ್ಕ ಹಾಸೋ ಫರ್ಸಿಕಲ್ಲಿನ ಮುಚ್ಚಿದ ಖಣಿ ಬಾಜೂಕ ಬಯಲು. ಮೊದಲು ಸಣ್ಣ ಕಸದ ಗಾಡಿ, ನಾಕು ಗಾಲೀದು, ಆಮ್ಯಾಲ ಟ್ರ್ಯಾಕ್ಟರ್. ಮುಂದಕ್ಕ ಹೊಡಿಯೋದು ನನಗ ಎರಡೇ ದಿನದಾಗ ಬಂತು. ಹಿಂದಕ್ಕ ಹೋಗೋದು ಬಂತು ನೋಡ್ರಿ, ಅಲ್ಲಿ ಸುರುವಾತು ಫಜೀತಿ.

ಗಾಡಿ ಬಾಲ ಬಲಕ್ಕ ಹೋಗಬೇಕು ಅಂದ್ರ ನಾ ಕೈಯಾಗಿನ ಸ್ಟೇರಿಂಗ್ ಚಕ್ರ ಎಡಕ್ಕ ತಿರುವ್ತಿದ್ದೆ. ಯಾಕಂದ್ರ ಬಂಡಿ ಹಿಂದಕ್ಕ ಸರಸೋದು ಹಂಗೇ. ಬಂಡಿ ಬಾಲ ಬಲಕ್ಕ ಬೇಕಂದ್ರ ಎತ್ತಿನ ಮೂತಿ ಎಡಕ್ಕ ಎಳೀಬೇಕು, ನೊಗ ಎಡಕ್ಕ ಹೋತಂದ್ರ ಬಾಲ ತಾನೇ ಬಲಕ್ಕ ಬರ್ತದ. ಕೈಗೆ ರೂಢಿ ಆಗಿಬಿಟ್ಟದ. ಕಸದ ಗಾಡಿ ಮಾತ್ರ ಎಡಕ್ಕ ತಿರುವಿದ್ರ ಎಡಕ್ಕೇ ಹೋಗಿ ಉಸುಕಿನ ಗುಂಪಿಗೆ ಹೊಕ್ಕೊಂತು. ಮೂರು ಸಲ ಅದೇ ಗುಂಪು.

"ಅಕ್ಕಾ, ಅದು ಗಾಡಿ, ಬಂಡಿ ಅಲ್ಲ," ಅಂದ ಕಾಶೀನಾಥ. "ಬಲಕ್ಕ ಬೇಕಂದ್ರ ಬಲಕ್ಕ. ಯಾಕ ಗೀಕ ಕೇಳಬ್ಯಾಡ್ರಿ. ಬಾಯಿಪಾಠ ಮಾಡ್ರಿ."

ಬಾಯಿಪಾಠ ಅಂದಕೂಡಲೇ ನನಗ ಬೆತ್ತ ನೆನಪಾಗಿ ಸಿಟ್ಟು ಬಂತು. ಗಾಡಿ ಇಳಿದು ಬಯಲಿನಾಗ ಹಿಂದಮುಂದ ಅಡ್ಡಾಡಿದೆ. ಮಾತಾಡ್ಕೋತ, ಮತ್ತೇನು. ಚಕ್ರ ಬಲಕ್ಕ ತಿರುವಿ ಮುಂದ ಹೋದ್ರ ಏನಾಗ್ತದ? ಗಾಡಿ ಬಲಗಡಿ ಸುತ್ತು ಹೊಡೀತದ, ಬಲಕ್ಕ ಒಂದು ಬಾವಿ ಇದ್ದಂಗ, ಆ ಬಾವಿ ಸುತ್ತ. ಈಗ ಚಕ್ರ ಹಂಗೇ ಇಟ್ಟು ಹಿಂದಕ್ಕ ಬಂದ್ರ? ಬಂದ ದಾರೀನೇ ಹಿಡಿದು ಅದೇ ಬಾವಿ ಸುತ್ತ ಬರ್ತದ. ಬಾವಿ ಎಲ್ಲೂ ಹೋಗಂಗಿಲ್ಲ, ಬಲಕ್ಕೇ ಇರ್ತದ. ಹಂಗಂದ್ರ ಬಾಲಾನೂ ಬಲಕ್ಕೇ ಹೋಗಬೇಕು.

ಗಾಡಿ ಹತ್ತಿದೆ, ಬಾವಿ ನೆನಸಿದೆ, ಹಿಂದಕ್ಕ ತಗೊಂಡೆ. ನೆಲದ ಮ್ಯಾಲ ಹಾಕಿದ್ದ ಎರಡು ಗೆರಿ ನಡುವ ಬರೋಬ್ಬರಿ ನಿಂತು. ಮತ್ತೊಮ್ಮಿ ಎಡಕ್ಕ ಮಾಡಿದೆ, ಬಾವೀನ ಎಡಕ್ಕ ತೋಡಿದೆ, ಅದೂ ನಿಂತು. ಖುಷಿಗಿ ನನಗ ನೆಲ ಕಾಣಲಿಲ್ಲ. ಎಲ್ಲರಿಗೂ ಬಾವಿ ಹೇಳಿದ್ದೇ ಹೇಳಿದ್ದು. ಚಹಾದ ಅಂಗಡಿಯವನಿಗೂ ಹೇಳಿದೆ. ಚಕ್ರ ತಿರುವಿದ ಕಡಿಗೇ ಬಾಲ ಹೋಗ್ತದ, ಜಗತ್ತಿನ ಎಲ್ಲಾ ಗಾಡಿಗೂ ಇದೇ ಕಾನೂನು ಅಂದೆ. ಜಗತ್ತಿನ ಎಲ್ಲಾ ಗಾಡಿಗೂ ಅಂತ ಅನ್ನಬಾರದಿತ್ತು.

ಮರುವಾರ ಟ್ರಾಲಿ ಕಟ್ಟಿದ್ರು. ಕಾಶೀನಾಥನ ಕಲಿಸೋ ರೀತಿ ಹಿಂಗಿತ್ತು. "ಕನ್ನಡ್ಯಾಗ ಬೇವಿನ ಗಿಡ ಬಂತಂದ್ರ ಎಡಕ್ಕ ಎರಡು ಸುತ್ತು. ನೀಲಿ ಡ್ರಮ್ಮು ಬಂತಂದ್ರ ಬಲಕ್ಕ ಮೂರು. ಡ್ರಮ್ಮು ಹೋಗಿ ಕಂಬ ಬಂದ್ರ ಸೀದಾ. ಅಷ್ಟೇ." ಬಿಬಿಜಾನ್ ಅದನ್ನ ಹಾಡಿನಂಗ ಬಾಯಿಪಾಠ ಮಾಡಿ, ಮೊದಲನೇ ದಿನಾನೇ ಟ್ರಾಲಿ ತಗೊಂಡು ಹೋಗಿ ಬಲಗಡಿ ಗೆರಿ ಹಾಕಿ ಮಾಡಿದ್ದ ಖಾನ್ಯಾಗ ನಿಲ್ಲಿಸಿದಳು. ಕಾಶೀನಾಥ ಚಪ್ಪಾಳಿ ಹೊಡದ.

ನನಗ ಗಿಡ, ಡ್ರಮ್ಮು ಯಾಕ ಬೇಕು? ನನ್ನ ಹತ್ರ ಬಾವಿ ಇತ್ತಲ್ಲ. ಬಲಕ್ಕ ಹೋಗಬೇಕು, ಬಲಕ್ಕ ತಿರುವಿದೆ. ಟ್ರಾಲಿ ಎಡಕ್ಕ ಹೋತು. ಇದು ತಪ್ಪು ತಿಳಕೊಂಡದ ಅಂತ ಇನ್ನಷ್ಟು ಬಲಕ್ಕ ತಿರುವಿದೆ. ಅದು ಇನ್ನಷ್ಟು ಎಡಕ್ಕ ಹೋಗಿ, ಟ್ರ್ಯಾಕ್ಟರಿನ ಕಡಿ ಮಡಚಿಕೊಂಡು, ಬಯಲಿನ ಅಂಚಿಗೆ ಬೇಲಿ ಅಂತ ನಿಲ್ಲಿಸಿದ್ದ ಫರ್ಸಿಗೆ ಬಡೀತು. ನಾಕು ಫರ್ಸಿ ಒಂದರ ಮ್ಯಾಲೊಂದು ಬಿದ್ದು, ಕಡೀದು ಕಾಶೀನಾಥನ ಮೋಟರ್‌ಸೈಕಲಿನ ಹಿಂದಿನ ದೀಪಕ್ಕ ತಾಗಿತು. ದೀಪ ಹೋತು.

ಅಂವ ದೀಪ ನೋಡಿದ, ನನ್ನ ನೋಡಿದ. "ಮೂರು ದಿನ ನೀವು ಟ್ರ್ಯಾಕ್ಟರ್ ಮುಟ್ಟಬ್ಯಾಡ್ರಿ," ಅಂದ. "ಮನ್ಯಾಗ ಕುಂತು ಗಿಡ, ಡ್ರಮ್ಮು ಬಾಯಿಪಾಠ ಮಾಡ್ಕೊಂಡು ಬರ್ರಿ. ಮತ್ತೊಮ್ಮಿ ಬಾವಿ ಅಂದ್ರ ಪರೀಕ್ಷೆಗೇ ಕೂಡ್ಸಂಗಿಲ್ಲ."

ಬಸ್ಸಿನಾಗ ಬರೋವಾಗ ನಾ ಮಾತಾಡಲಿಲ್ಲ. ಬಿಬಿಜಾನ್ ಹೆದರಿ, "ಅಕ್ಕಾ, ತಬ್ಯೆತ್ ಬರೋಬ್ಬರಿ ಅದನಾ?" ಅಂತ ಎರಡು ಸಲ ಕೇಳಿದಳು. ನನ್ನಿಂದ ಆಕೀದೂ ಹೋಗ್ತದಲ್ಲ ಅಂತ ನನಗ ಒಳಗೊಳಗ ಉರೀಲಿಕತ್ತಿತ್ತು. ಇಬ್ಬರೂ ಪಾಸಾಗಬೇಕು, ಆಕಿ ಆಗೇ ಆಗ್ತಾಳ, ಮುಳುಗಿಸೋಳು ನಾನೇ ಅಂತ ಅವತ್ತು ಖಾತ್ರಿ ಆಗಿಬಿಟ್ಟಿತ್ತು.

ಮರುದಿನ ಐತವಾರ. ಮಧ್ಯಾಹ್ನ ಊಟ ಆದ ಮ್ಯಾಲ ಅಡಗಿಮನಿ ಫರ್ಸಿ ಮ್ಯಾಲ ಒಂದು ಕುಂದ್ರೋ ಮಣಿ ಇಟ್ಟೆ. ಅದು ಟ್ರ್ಯಾಕ್ಟರ್. ಹಿಂದ ಒಂದು ಮೊರ, ಅದು ಟ್ರಾಲಿ. ಮೊರಕ್ಕ ಲಟ್ಟಣಿಗಿ ಗಟ್ಟಿ ಬಿಗದೆ, ಲಟ್ಟಣಿಗಿ ಈ ಕಡಿ ತುದಿ ಮಣಿಗಿ ಸಡಲಾಗಿ ಕಟ್ಟಿದೆ, ತಿರುಗಬೇಕಲ್ಲ. ಮೊಳಕಾಲೂರಿ ಮಣಿ ಹಿಂದಕ್ಕ ದಬ್ಬಿದೆ. ಮಣಿ ಹಿಂಭಾಗ ಬಲಕ್ಕ ಹೋತು, ಮೊರದ ಬಾಲ ಎಡಕ್ಕ ಹೋತು. ಅದೇ ಹಣೆಬರಹ.

"ಯಾಕ?" ಅಂದೆ. "ಬಾವಿ ಸುಳ್ಳಾ?"

ಬಾವಿ ಸುಳ್ಳಲ್ಲ. ಮಣಿ ತನ್ನ ಬಾವಿ ಸುತ್ತ ಬರೋಬ್ಬರಿ ಹೋಗ್ಯದ. ಹಂಗಂದ್ರ ನನ್ನ ಕಾನೂನು ಟ್ರ್ಯಾಕ್ಟರಿಗೆ ಖರೇ, ಟ್ರಾಲಿಗೆ ಖರೇ ಅಲ್ಲ. ಟ್ರಾಲಿಗೆ ಸ್ಟೇರಿಂಗ್ ಚಕ್ರ ಎಲ್ಲದ? ಇಲ್ಲ. ಅದು ತಾನಾಗಿ ತಿರುಗಂಗಿಲ್ಲ. ಅದನ್ನ ತಿರುಗಿಸೋರು ಯಾರು? ಟ್ರ್ಯಾಕ್ಟರಿನ ಹಿಂಭಾಗ. ಅದು ಎಲ್ಲಿ ಹಿಡದದ? ಟ್ರಾಲಿ ಮೂತಿ ಹಿಡದದ. ಮೂತಿ ಬಲಕ್ಕ ಒಯ್ದ್ರ ಬಾಲ ಎಡಕ್ಕ ಹೋಗ್ತದ. ಮೂತಿ ಹಿಡಿದು ಬಾಲ ತಿರುಗಿಸೋದು. ಎರಡು ಗಾಲಿ, ಮುಂದ ಒಂದು ಈಸಿನ ಕಟ್ಟಿಗಿ, ಮೂತಿ ಹಿಡಿದು...

ನಾ ಅಲ್ಲೇ ಫರ್ಸಿ ಮ್ಯಾಲ ಕುಂತುಬಿಟ್ಟೆ. ಇದು ಬಂಡಿ. ಟ್ರಾಲಿ ಅಂದ್ರ ಬಂಡೀನೇ, ಟ್ರ್ಯಾಕ್ಟರಿನ ಹಿಂಭಾಗ ಅಂದ್ರ ಎತ್ತು. ನನ್ನ ಕೈ ಮೂವತ್ತು ವರ್ಷದಿಂದ ಹೇಳಲಿಕತ್ತದ, ನಾನೇ ಕಸದ ಗಾಡ್ಯಾಗ ಅದರ ಬಾಯಿ ಮುಚ್ಚಿಸಿ ಕಳಿಸೀನಿ. ಎತ್ತು ಎಡಕ್ಕ ಹೋಗಬೇಕು ಅಂದ್ರ ಟ್ರ್ಯಾಕ್ಟರಿನ ಬಾವಿ ಎಡಕ್ಕ, ಚಕ್ರಾನೂ ಎಡಕ್ಕ. ಬಾಲ ತಿರುಗಲಿಕ್ಕೆ ಹತ್ತಿದ ಮ್ಯಾಲ ಎತ್ತನ್ನ ಹಂಗೇ ಬಿಟ್ರ ಬಂಡಿ ಮಡಚ್ತದ, ಅದಕ್ಕ ಎತ್ತನ್ನ ಮತ್ತ ಬಂಡಿ ಮುಂದ ಸೀದಾ ತರಬೇಕು. ಕಾಶೀನಾಥನ "ಎಡಕ್ಕ ಎರಡು, ಬಲಕ್ಕ ಮೂರು" ಅಂದ್ರ ಇದೇ. ಅವನಿಗೇ ಗೊತ್ತಿಲ್ಲದೆ ಅಂವ ಎತ್ತು ಹೊಡೀಲಿಕತ್ತಾನ.

ನಾ ನಗಲಿಕ್ಕೆ ಸುರು ಮಾಡಿದೆ. ಒಬ್ಬಾಕೀನೇ, ಫರ್ಸಿ ಮ್ಯಾಲ, ಮೊರ ಹಿಡ್ಕೊಂಡು. ಅಷ್ಟರಾಗ ಅತ್ತಿ ಬಾಗಲದಾಗ ಬಂದು ನಿಂತಳು. ಲಟ್ಟಣಿಗಿಗಿ ಕಟ್ಟಿದ ಮೊರ ನೋಡಿದಳು, ನನ್ನ ಕೊಳ್ಳಾಗಿನ ತಾಯತ ನೋಡಿದಳು.

"ದೇವ್ಯಾ," ಅಂತ ಮಗನ್ನ ಕರೆದಳು, "ಇದು ಎರಡು ತಾಯತದ ಕೇಸಲ್ಲ ಬಾ."

ಅವರು ಬಂದ್ರು, ಬನಿಯನ್ನಿನಾಗ. ನಾ ಮಣಿ ದಬ್ಬಿ ತೋರಿಸಿದೆ, ಎತ್ತಿನ ಕಥಿ ಹೇಳಿದೆ. ಅವರು ಸುಮ್ಮ ಕೇಳಿ, ಬಗ್ಗಿ, ತಾವೇ ಒಮ್ಮಿ ಮಣಿ ದಬ್ಬಿ ನೋಡಿದ್ರು. "ಹೌದಲ್ಲ," ಅಂದ್ರು. ನಮ್ಮವರ ಬಾಯಿಂದ ಹೌದಲ್ಲ ಅಂತ ಬಂದ್ರ ಅದು ಬ್ಯಾರೆಯವರ ಒಂದು ತಾಸಿನ ಭಾಷಣಕ್ಕ ಸಮ.

ಬುಧವಾರ ಬಯಲಿಗಿ ಹೋಗಿ ಟ್ರಾಲಿ ಹಿಂದಕ್ಕ ತಗೊಂಡು ಖಾನ್ಯಾಗ ಇಟ್ಟೆ. ಗಿಡ ನೋಡಲಿಲ್ಲ, ಡ್ರಮ್ಮು ನೋಡಲಿಲ್ಲ, ಎತ್ತು ನೋಡಿದೆ. ಕಾಶೀನಾಥ ತನ್ನ ಬಾಯಿಪಾಠ ಕೆಲಸ ಮಾಡ್ತು ಅಂತ ತಿಳಕೊಂಡು ಮೀಸಿ ತಿರುವಿದ. ತಿರುವ್ಲಿ, ದೀಪ ಒಡದೀನಲ್ಲ, ಅಷ್ಟಾದ್ರೂ ಬಿಟ್ಟುಕೊಡಬೇಕು.

ಬಿಬಿಜಾನಿಗೆ ಎತ್ತಿನ ವಿಷಯ ಹೇಳಲಿಕ್ಕೆ ಹೋದೆ. ಆಕಿ ಕೈ ಅಲ್ಲಾಡಿಸಿ, "ನಕ್ಕೋ, ಬ್ಯಾಡಕ್ಕಾ, ನನಗ ಎತ್ತು ಬ್ಯಾಡ. ಗಿಡ, ಡ್ರಮ್ಮು, ಕಂಬ, ಮೂರೇ ಸಾಕು," ಅಂದಳು. ಒಂದು ಸಲಾನೂ ತಪ್ಪಿಲ್ಲ ಆಕಿದು. ನಾನೂ ಅಷ್ಟಕ್ಕ ಬಿಟ್ಟೆ.

ಪರೀಕ್ಷೆ ದಿನ ಬಂತು. ಪರೀಕ್ಷೆ ಬ್ಯಾರೆ ಬಯಲಿನಾಗ, ಚಿತ್ತಾಪುರ ರಸ್ತಾಕ್ಕ. ಬೋಳು ಬಯಲು, ದೂರದಾಗ ತೊಗರಿ ಹೊಲ, ಒಂದು ಬಾಜೂಕ ಆಳೆತ್ತರ ಪೇರಿಸಿಟ್ಟ ಫರ್ಸಿ. ಸುಣ್ಣದಾಗ ಗೆರಿ ಹಾಕಿದ್ರು. ನಾ ಬಯಲಿಗಿ ಇಳಿದು ನೋಡಿದೆ, ಖಾನಿ ಎಡಗಡಿ ಇತ್ತು. ಎಲ್ಲೂ ಒಂದು ಗಿಡ ಇಲ್ಲ.

ಬಿಬಿಜಾನ್ ಮಾರಿ ಸುಣ್ಣದಂಗ ಆತು. "ಅಕ್ಕಾ, ಡ್ರಮ್ಮು?" ಅಂದಳು.

ಪರೀಕ್ಷೆ ತಗೊಳ್ಳೋ ಆರ್‌ಟಿಓ ಸಾಹೇಬ್ರು ಕುರ್ಚಿ ಹಾಕ್ಕೊಂಡು ಕುಂತಿದ್ರು, ಕಪ್ಪು ಚಷ್ಮಾ, ಕೈಯಾಗ ಕಾಗದ ಸಿಗಿಸಿದ ಹಲಗಿ. "ಒಬ್ಬೊಬ್ಬರಿಗೆ ಎರಡು ಸಲ. ಎರಡರಾಗ ಒಮ್ಮಿ ನಿಲ್ಲಬೇಕು," ಅಂದ್ರು. ಮೊದಲು ಬಿಬಿಜಾನ್ ಹೆಸರೇ ಕರದ್ರು.

ಆಕಿ ಹತ್ತಿದಳು. ತುಟಿ ಅಲ್ಲಾಡಲಿಕತ್ತಿದ್ವು, ಎಡಕ್ಕ ಎರಡು, ಬಲಕ್ಕ ಮೂರು. ಇಲ್ಲದ ಗಿಡಕ್ಕ ಎಡಕ್ಕ ತಿರುವಿದಳು, ಟ್ರಾಲಿ ಬಲಕ್ಕ ಹೋತು, ಖಾನಿ ಎಡಕ್ಕ ಉಳೀತು. ಇಲ್ಲದ ಡ್ರಮ್ಮಿಗಿ ಬಲಕ್ಕ ತಿರುವಿದಳು. ಟ್ರಾಲಿ ಸೊಟ್ಟ ನಿಂತು ಬಿಡ್ತು. ಆಕಿ ಇಳಿದು ಫರ್ಸಿ ಗುಂಪಿನ ಕಡಿ ಹೋದಳು. ಕಾಶೀನಾಥ ಆ ಕಡಿ ಮಾರಿ ತಿರುವಿ ಮೀಸಿ ಕಡೀಲಿಕತ್ತಿದ್ದ.

"ಜಗದೇವಿ," ಅಂದ್ರು ಸಾಹೇಬ್ರು.

ನಾ ಹತ್ತಿದೆ. ನನಗೂ ಅಂಜಿಕಿ ಇತ್ತು, ಸುಳ್ಳು ಹೇಳಂಗಿಲ್ಲ. ಸೆರಗು ಕಿವಿ ಮ್ಯಾಲ ಬಿಗಿ ಹೊದ್ದು, ಗೇರ್ ಹಾಕಿ ಸುರು ಮಾಡಿದೆ. "ಬಾಲ ಎಡಕ್ಕ ಬೇಕು. ಹಂಗಂದ್ರ ಎತ್ತು ಯಾವ ಕಡಿ..."

"ನಿಲ್ಲಿಸ್ರಿ," ಅಂದ್ರು ಸಾಹೇಬ್ರು. ಎದ್ದು ಬಂದ್ರು. "ಯಾರ ಜೊತಿ ಮಾತಾಡ್ಲಿಕತ್ತೀರಿ? ಕಿವ್ಯಾಗ ಏನದ? ಸೆರಗು ತೆಗೀರಿ."

ಫೋನಿನಾಗ ಯಾರೋ ಹೇಳಿಕೊಡ್ಲಿಕತ್ತಾರ ಅಂತ ತಿಳಕೊಂಡಿದ್ರು. ನಾ ಸೆರಗು ಸರಸಿ ಎರಡೂ ಕಿವಿ ತೋರಿಸಿದೆ. ಓಲಿ ಬಿಟ್ಟು ಏನಿಲ್ಲ. ತಾಯತಾನೂ ಬಿಡಲಿಲ್ಲ, ಅದರಾಗ ಮಷೀನ್ ಅದನೋ ಏನೋ ಅಂತ ಹಿಡಿದು ನೋಡಿದ್ರು.

"ನನ್ನ ಜೊತೀನೇ ಮಾತಾಡ್ಲಿಕತ್ತೀನ್ರಿ," ಅಂದೆ.

"ಬಾಯಿ ಮುಚ್ಚಿ ಹೊಡೀರಿ."

"ಬಾಯಿ ಬಂದ್ ಆದ್ರ ಗಾಡೀನೂ ಬಂದ್ ಆಗ್ತದ್ರಿ. ನಾ ಕಲ್ತಿದ್ದೇ ಹಂಗ. ಎಷ್ಟೋ ಮಂದಿ ಬೀಡಿ ಸೇದಿಕೋತ ಹೊಡೀತಾರ, ನಾ ಮಾತಾಡ್ಕೋತ ಹೊಡೀತೀನಿ. ಕಾನೂನಿನಾಗ ಮಾತು ಬ್ಯಾಡ ಅಂತ ಬರದದೇನ್ರಿ?"

ಸಾಹೇಬ್ರು ಚಷ್ಮಾ ತೆಗೆದು ನನ್ನ ನೋಡಿದ್ರು. ನಾ ಕಣ್ಣು ಇಳಸಲಿಲ್ಲ. ಕಡೀಕ ಅವರೇ ಹೇಳಿದ್ರು, "ಹಂಗಂದ್ರ ಜೋರಾಗಿ ಮಾತಾಡ್ರಿ. ನನಗೂ ಕೇಳಬೇಕು."

ಇನ್ನೇನು ಬೇಕು ನನಗ. ಇಡೀ ಬಯಲಿಗಿ ಕೇಳೋಹಂಗ ಹೇಳಿಕೋತ ಹೋದೆ. ಬಾಲ ಎಡಕ್ಕ, ಅದಕ್ಕ ಎತ್ತು ಬಲಕ್ಕ, ಅದಕ್ಕ ಚಕ್ರ ಬಲಕ್ಕ. ಹಾಂ, ತಿರುಗಲಿಕತ್ತದ. ಈಗ ಎತ್ತನ್ನ ಬಂಡಿ ಮುಂದ ತರಬೇಕು, ಚಕ್ರ ಎಡಕ್ಕ, ಇನ್ನಷ್ಟು, ಸಾಕು, ಸೀದಾ, ಸೀದಾ ಬಾ ಮಗನ. ಟ್ರಾಲಿ ಎರಡು ಗೆರಿ ನಡುವ ಹೋಗಿ ನಿಂತು. ಸಾಹೇಬ್ರು ಹಲಗಿ ಮ್ಯಾಲ ಗುರ್ತು ಹಾಕಿದ್ರು. ನಾ ಪಾಸಾದೆ.

ಪಾಸಾದೆ ಅಂತ ಕುಣೀಲಿಕ್ಕೆ ಬರಲಿಲ್ಲ. ಬಿಬಿಜಾನ್ ಫರ್ಸಿ ಗುಂಪಿನ ನೆರಳಾಗ ಕುಂತು ದುಪಟ್ಟಾದಾಗ ಕಣ್ಣು ಒರಸ್ಕೊಳ್ಳಲಿಕತ್ತಿದ್ದಳು. ನಡುವ ಬ್ಯಾರೆ ಊರಿಂದ ಬಂದಿದ್ದ ಮೂವರು ಹೆಣ್ಮಕ್ಕಳ ಪಾಳಿ ಇತ್ತು. ಆಮ್ಯಾಲ ಆಕಿ ಎರಡನೇ ಸಲ, ಕಡೀ ಸಲ. ನಾ ಓಡಿ ಹೋಗಿ ಬಾಜೂಕ ಕುಂತೆ.

"ಕೇಳು, ಟ್ರಾಲಿ ಅಂದ್ರ ಬಂಡಿ, ಟ್ರ್ಯಾಕ್ಟರ್ ಅಂದ್ರ ಎತ್ತು," ಅಂತ ಸುರು ಮಾಡಿದೆ. ನೊಗ, ಈಸು, ಮೂಗುದಾಣ, ಎಲ್ಲಾ ಹೇಳಿದೆ. ಆಕಿ ತಲಿ ಅಲ್ಲಾಡಿಸಿದಳು. ತಿಳೀತಾ ಅಂದ್ರ ಮತ್ತ ಅಲ್ಲಾಡಿಸಿದಳು. "ಹಂಗಂದ್ರ ಚಕ್ರ ಯಾವ ಕಡಿ?" ಅಂದೆ. "ಎಡಕ್ಕ ಎರಡು," ಅಂದಳು.

ನನ್ನ ಸಿಟ್ಟು ನೆತ್ತಿಗೇರ್ತು. ಮತ್ತೊಮ್ಮಿ ಹೇಳಿದೆ, ಇನ್ನೂ ಜೋರಾಗಿ. ಆಕಿ ಇನ್ನೂ ಗಾಬರಿ ಆದಳು. "ಅಕ್ಕಾ, ನಾ ಎತ್ತು ಹಿಡದೇ ಇಲ್ಲಲ್ಲ," ಅಂದಳು, ಅಳುದನಿಲೆ. "ನಮ್ಮ ಮನ್ಯಾಗ ಆಡು ಬಿಟ್ರ ಏನಿರಲಿಲ್ಲ."

ಆವಾಗ ನನಗ ನನ್ನ ಮ್ಯಾಲೇ ನಾಚಿಕಿ ಬಂತು. ನಾ ಏನು ಮಾಡ್ಲಿಕತ್ತಿದ್ದೆ? ಕಾಶೀನಾಥ ಗಿಡ ಬಾಯಿಪಾಠ ಮಾಡಿಸಿದ, ನಾ ಎತ್ತು ಬಾಯಿಪಾಠ ಮಾಡಿಸ್ಲಿಕತ್ತಿದ್ದೆ. ಫರಕ್ ಏನು? ನನ್ನ ಎತ್ತು ನನ್ನ ತಲ್ಯಾಗಿಂದ ಎದ್ದಿದ್ದು, ಆಕಿ ತಲ್ಯಾಗ ಎದ್ದಿದ್ದಲ್ಲ.

"ಬಿಬಿಜಾನ್," ಅಂದೆ, ದನಿ ಇಳಸಿ. "ನಾ ಹೇಳಂಗಿಲ್ಲ. ನೀನೇ ನನಗ ಹೇಳು. ನೀ ಎಡಕ್ಕ ತಿರುವಿದಾಗ ಟ್ರಾಲಿ ಬಲಕ್ಕ ಹೋತಲ್ಲ. ಯಾಕ ಹೋತು?"

"ಗೊತ್ತಿಲ್ಲಕ್ಕಾ."

"ಗೊತ್ತಿಲ್ಲಂದ್ರ ನಿನ್ನನ್ನ ನೀನೇ ಕೇಳ್ಕೋ. ನಿನ್ನ ಭಾಷಾದಾಗ ಕೇಳ್ಕೋ."

ಅಷ್ಟು ಹೇಳಿ ನಾ ಸೆರಗಿನ ತುದಿ ಬಾಯಾಗ ಇಟ್ಟುಕೊಂಡು ಕಚ್ಚಿದೆ. ಜನ್ಮದಾಗ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಉತ್ತರ ನಾಲಿಗಿ ಮ್ಯಾಲ ಕುಂತದ, ಪಾಳಿ ಹತ್ರ ಬರ್ಲಿಕತ್ತದ, ನನ್ನ ಸೀಟು ಆಕಿ ಕೈಯಾಗ ಅದ, ನಾ ಮಾತಾಡಂಗಿಲ್ಲ. ಎರಡನೇ ಹೆಣ್ಮಗಳು ಟ್ರ್ಯಾಕ್ಟರ್ ಹತ್ತಿದಳು.

"ಕೈಕು?" ಅಂದಳು ಬಿಬಿಜಾನ್ ತನಗ ತಾನೇ, ಮೆಲ್ಲಗ. ಅಂದ್ರ ಯಾಕ ಅಂತ. ಎದುರಿನ ಟ್ರಾಲಿ ಹಿಂದಕ್ಕ ಬರೋದನ್ನ ನೋಡ್ಕೋತ, "ಕೈಕು? ದಬ್ಬೋರು ಯಾರು... ಟ್ರ್ಯಾಕ್ಟರ್ ದಬ್ಬಲಿಕತ್ತದ... ಹಿಂದಿಂದ ದಬ್ಬಲಿಕತ್ತದ..." ಅಂತ ಬಾಯಾಗ ಗುಣುಗುಣು ಅಂದಳು. ಕೈ ಎರಡೂ ಮುಂದ ಚಾಚಿದಳು, ಗಾಳ್ಯಾಗ ಏನೋ ಹಿಡಿದವರಂಗ. ಹಿಡಿದ ಕೈ ಬಲಕ್ಕ ಸರಸಿದಳು. ಮತ್ತ ಎಡಕ್ಕ. ಮತ್ತ ಬಲಕ್ಕ.

"ಅಕ್ಕಾ," ಅಂದಳು. ಕಣ್ಣು ದೊಡ್ಡವಾಗಿದ್ವು. "ಇದು ನನ್ನ ತಳ್ಳುಗಾಡಿ."

ನಾ ಸೆರಗು ಇನ್ನೂ ಜೋರಾಗಿ ಕಚ್ಚಿದೆ.

"ನಾನೇ ಟ್ರ್ಯಾಕ್ಟರ್. ಬಳಿ ಗಾಡಿ ಮೂತಿ ಎಡಕ್ಕ ಹೋಗಬೇಕಂದ್ರ ನಾ ಹಿಂದ ಬಲಕ್ಕ ಸರೀತೀನಿ. ತಿರುಗಿತಂದ್ರ ಮತ್ತ ಅದರ ಬೆನ್ನಿಗೇ ಬಂದು ನಿಲ್ತೀನಿ, ಇಲ್ಲಂದ್ರ ಗಾಡಿ ಅಡ್ಡ ಆಗಿ ಬಳಿ ಎಲ್ಲಾ ನೆಲಕ್ಕ. ದಿನಾ ಇದೇ ಮಾಡ್ತೀನಲ್ಲ ಅಕ್ಕಾ. ದಿನಾ ಮಾಡ್ತೀನಿ."

ಆಕಿ ಹೆಸರು ಕರದ್ರು. ಆಕಿ ಹೋದಳು, ಹೋಗೋವಾಗ ಹಿಂದ ನೋಡಲಿಲ್ಲ. ಸೀಟಿಗಿ ಕುಂತು ಚಕ್ರ ಹಿಡಿದಳು. ಬಾಯಿ ಅಲ್ಲಾಡಲಿಕ್ಕೆ ಹತ್ತಿತು, ಆದ್ರ ಈ ಸಲ ಅದು ಹಾಡಿನ ಅಲ್ಲಾಟ ಅಲ್ಲ. ನಿಂತು ನಿಂತು, ವಿಚಾರ ಮಾಡಿ ಮಾಡಿ ಆಡೋ ಮಾತು. ಸಾಹೇಬ್ರು ಹಣಿ ಹಿಡ್ಕೊಂಡು, "ಇವರ ಇಡೀ ಊರೇ ಹಿಂಗೇನ್ರೀ?" ಅಂತ ಕಾಶೀನಾಥನ್ನ ಕೇಳಿದ್ರು. ಅವನ ಕಣ್ಣು ಟ್ರಾಲಿ ಮ್ಯಾಲ ಇತ್ತು.

ಟ್ರಾಲಿ ಎಡಕ್ಕ ತಿರುಗಿತು, ಒಂದು ಸ್ವಲ್ಪ ಜಾಸ್ತೀನೇ ತಿರುಗಿತು. ಮಡಚ್ತದ ಅನ್ನೋ ಅಷ್ಟರಾಗ ಆಕಿ ಬ್ರೇಕ್ ಹಾಕಿ ನಿಂತಳು. ತನಗೇನೋ ಕೇಳ್ಕೊಂಡಳು, ತಾನೇ ಉತ್ತರ ಕೊಟ್ಟಳು. ಎರಡು ಮೊಳ ಮುಂದಕ್ಕ ಬಂದು, ಚಕ್ರ ಸರಿ ಮಾಡಿ, ಮತ್ತ ಹಿಂದಕ್ಕ ಹೋದಳು. ಮೆಲ್ಲಕ, ಬಳಿ ಒಂದೂ ಒಡೀಬಾರದು ಅನ್ನೋಹಂಗ. ಟ್ರಾಲಿ ಸುಣ್ಣದ ಗೆರಿ ನಡುವ ಹೋಗಿ ನಿಂತಾಗ ಎರಡೂ ಬಾಜೂಕ ಒಂದೊಂದು ಗೇಣು ಜಾಗ ಉಳಿದಿತ್ತು. ನನ್ನದಕಿಂತ ನೆಟ್ಟಗ ನಿಂತಿತ್ತು.

ಸಾಹೇಬ್ರು ಗುರ್ತು ಹಾಕಿದ್ರು. ಬಾಯಾಗಿಂದ ಸೆರಗು ತೆಗೆದು ನೋಡ್ತೀನಿ, ಹಲ್ಲಿಲೆ ತೂತು ಬಿದ್ದಿತ್ತು. ನಾ ಅಳಲಿಕತ್ತಿದ್ದೆ, ನಗಲಿಕತ್ತಿದ್ದೆ, ಎರಡೂ ಕೂಡೇ.

ಸಂಜಿ ಬಸ್ಸಿನಾಗ ಇಬ್ಬರಿಗೂ ಕೂಡೇ ಕುಂದ್ರಲಿಕ್ಕೆ ಕಿಟಕಿ ಬಾಜೂಕ ಸೀಟು ಸಿಕ್ತು. ಬಿಬಿಜಾನ್ ಕುಂತಾಗಿಂದ ಬಾಯಿ ಮುಚ್ಚಲಿಲ್ಲ. ಟ್ರಾಲಿ ಹಿಂದಕ್ಕ ಹೆಂಗ ಹೋಗ್ತದ ಅಂತ ನನಗೇ ಹೇಳಿಕೊಡ್ಲಿಕತ್ತಾಳ, ನಾ ಜನ್ಮದಾಗ ಟ್ರಾಲಿ ನೋಡಿಲ್ಲ ಅನ್ನೋಹಂಗ. "ಅಕ್ಕಾ, ನಿನ್ನ ಎತ್ತು ಮುಂದ ಎಳೀಲಿಕ್ಕೆ ಇರ್ತಾವು. ಹಿಂದಕ್ಕ ಹೋಗೋವಾಗ ಟ್ರ್ಯಾಕ್ಟರ್ ಎಳ್ಯಂಗಿಲ್ಲ, ದಬ್ತದ. ದಬ್ಬೋರು ಯಾವಾಗಲೂ ಮಾರಿ ಮುಂದಿನ ಗಾಡಿ ಕಡಿ ಇಟ್ಟಿರ್ತಾರ. ಅದಕ್ಕ ನಾ ಹಿಂದ ತಿರುಗಿ ನೋಡ್ಕೋತ ಹೊಡದೆ. ತಿಳೀತಾ?" ನಾ ಅಲ್ಲಲ್ಲಿ "ಯಾಕ?" ಅಂತ ಕೇಳ್ಕೋತ ಹೋದೆ, ಆಕಿ ಹೇಳ್ಕೋತ ಹೋದಳು. ಮುಂದಿನ ಸೀಟಿನ ಮುದುಕ ಎರಡು ಸಲ ತಿರುಗಿ ನೋಡಿದ.

ಖರೇ ಹೇಳ್ಬೇಕಂದ್ರ ನನ್ನ ಎತ್ತಿಗಿಂತ ಆಕಿ ತಳ್ಳುಗಾಡಿ ಛಲೋ ಇತ್ತು. ಅದನ್ನ ಆಕಿ ಮಾರಿ ಮುಂದ ಒಪ್ಪಿಕೊಳ್ಳಲಿಕ್ಕೆ ನನಗ ಇಡೀ ದಾರಿ ಬೇಕಾತು, ಆದ್ರ ಬಸ್ಸು ಇಳಿಯೋದರೊಳಗ ಹೇಳಿದೆ.